ಮೀನುಮರಿಗಳನ್ನು ಜೀವಂತ ಹೊಂಡ ಮುಟ್ಟಿಸುವುದು ಹೇಗೆ?

ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಕಡೆಯ ನಮ್ಮ ಸದಸ್ಯರಲ್ಲಿ ಕೃಷಿಹೊಂಡ ಇರುವವರ ಸಂಖ್ಯೆ ಹೆಚ್ಚಿದೆ. ಮೆಣಸಿನಕಾಯಿ, ಹತ್ತಿ, ಗೋವಿನಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಅಡಿಕೆ ಸಸಿ ತಲೆಯೆತ್ತಿದ ಮೇಲೆ ನೀರು ಹಿಡಿದಿಡುವ ಯೋಚನೆ ತಾನಾಗಿಯೇ ಬಂದಿತು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭವಾದ ನಂತರ ಹಾಳೆ ಹಾಸಿದ ಹೊಂಡಗಳು ಊರೂರಲ್ಲೂ ಕಾಣಿಸಿಕೊಂಡವು. ಮಲೆನಾಡಿನ ಕಾಫಿ ಬೆಳೆಗಾರ ಸದಸ್ಯರಲ್ಲಿ ಅನೇಕರಿಗೆ ಇದು ಹೊಸತಲ್ಲ. ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಹಾಯಿಸಲೆಂದು ಕಟ್ಟಿಕೊಂಡ ಕೆರೆ ಅವರ ತೋಟದಲ್ಲಿ ಮೊದಲಿನಿಂದಲೂ ಇದೆ.

ನೀರು ನಿಂತ ಮೇಲೆ ಮೀನು ಏಕೆ ಬಿಡಬಾರದು ಎಂಬ ಪ್ರಶ್ನೆ ಸಹಜ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ ಮರಿಗಳನ್ನು ತಂದು ಬಿಡುವವರು ಪ್ರತಿ ಮಳೆಗಾಲದಲ್ಲೂ ಹೆಚ್ಚುತ್ತಿದ್ದಾರೆ. ಅಷ್ಟೇ ಪ್ರಮಾಣದಲ್ಲಿ ಸಂಘದ ಕಚೇರಿಗೆ ದೂರುಗಳೂ ಬರುತ್ತಿವೆ. ಬಿಟ್ಟ ಮರಿಗೂ ಬೇಸಿಗೆಯಲ್ಲಿ ಬಲೆಗೆ ಬಿದ್ದ ಮೀನಿಗೂ ತಾಳೆಯೇ ಇರುವುದಿಲ್ಲ ಎಂಬುದು ಸಾಮಾನ್ಯ ದೂರು. ಕೆಲವರು ಕೊಕ್ಕರೆ, ನೀರುಕಾಗೆಗಳನ್ನು ಬಯ್ಯುತ್ತಾರೆ. ಕೆಲವರಿಗೆ ಪಕ್ಕದ ಹೊಲದವರ ಮೇಲೆ ಸಂಶಯ. ಮತ್ತೆ ಕೆಲವರು ಮರಿಯೇ ಕಳಪೆ ಎನ್ನುತ್ತಾರೆ.

ಇವೆಲ್ಲ ಕೆಲವೊಮ್ಮೆ ನಿಜವಿರಬಹುದು. ಆದರೆ ಬಹಳ ಸಲ ಹೊಂಡಕ್ಕೆ ಬಿದ್ದಾಗಲೇ ಮರಿ ಅರ್ಧ ಸತ್ತಿರುತ್ತದೆ. ಚೀಲದಲ್ಲಿ ಆಡುತ್ತಿದ್ದ ಮರಿ ಎರಡು ಮೂರು ದಿನ ಕಳೆದು ಸತ್ತರೂ ಅದು ಸಾಗಾಣಿಕೆಯಲ್ಲಿ ಸತ್ತ ಮರಿಯೇ. ಸತ್ತ ಸಣ್ಣ ಮರಿ ಮೊದಲು ತಳ ಸೇರುತ್ತದೆ. ತೇಲುವ ಮೊದಲೇ ಏಡಿಯೋ ಹಕ್ಕಿಯೋ ಅದನ್ನು ಮುಗಿಸಿರುತ್ತದೆ. ಯಜಮಾನರಿಗೆ ಒಂದು ಹೆಣವೂ ಕಾಣುವುದಿಲ್ಲ. ಖಾಲಿ ಹೊಂಡಕ್ಕೆ ಎಂಟು ತಿಂಗಳು ತೌಡು, ಹಿಂಡಿ ಹಾಕುತ್ತಾ ಹೋಗುತ್ತಾರೆ. ಆ ಖರ್ಚು ಮರಿಯ ಬೆಲೆಗಿಂತ ದೊಡ್ಡದು. ಮಳೆಗಾಲ ಕಳೆದ ಮೇಲೆ ಬೇಕಾದ ಮರಿ ಮತ್ತೆ ಸಿಗುವುದೂ ಕಷ್ಟ. ಆದ್ದರಿಂದ ಸಾಗಾಣಿಕೆಯ ವಿಷಯವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು.

ಅಂದಿನ ಗಡಿಗೆ, ಇಂದಿನ ಚೀಲ

ಕಾಟ್ಲಾ, ರೋಹು, ಮೃಗಾಲ್ ಮೂಲತಃ ಗಂಗಾ ಬಯಲಿನ ಮೀನುಗಳು. ಹರಿಯುವ ನದಿಯಲ್ಲಲ್ಲದೆ ನಿಂತ ನೀರಿನಲ್ಲಿ ಇವು ಮೊಟ್ಟೆ ಇಡುವುದಿಲ್ಲ. ಹಿಂದೆ ಮಳೆಗಾಲದ ನೆರೆಯಲ್ಲಿ ಬಂಗಾಳದ ಬೆಸ್ತರು ನದಿಯಿಂದ ಎಳೆಮರಿ ಸೋಸಿ, ಮಣ್ಣಿನ ಗಡಿಗೆಗಳಲ್ಲಿ ತುಂಬಿ, ರೈಲಿನಲ್ಲಿ ದೂರದ ಊರುಗಳಿಗೆ ಒಯ್ಯುತ್ತಿದ್ದರು. ಗಡಿಗೆಯ ಜೊತೆಗೆ ಒಬ್ಬ ಆಳು ಕುಳಿತು ದಾರಿಯುದ್ದಕ್ಕೂ ಅದನ್ನು ಅಲುಗಿಸುತ್ತಿರಬೇಕಿತ್ತು. ನೀರು ಕುಲುಕಿದಷ್ಟೂ ಗಾಳಿ ಬೆರೆಯುತ್ತದೆ. ಆಳು ನಿದ್ದೆ ಹೋದರೆ ಮರಿ ಹೋದಂತೆಯೇ.

1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧರಿ ಮತ್ತು ಕೆ.ಎಚ್. ಅಲಿಕುಂಞಿ ಅವರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಜಾತಿಗಳಿಂದ ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದರು. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಆ ಮೇಲೆ ಮರಿಗಾಗಿ ಗಂಗಾನದಿಯ ದಾರಿ ಕಾಯುವುದು ತಪ್ಪಿತು. ನಮ್ಮ ಭಾಗದಲ್ಲಿ ಭದ್ರಾ ಅಣೆಕಟ್ಟೆಯ ಕೆಳಗೆ ಬಿ.ಆರ್. ಪ್ರಾಜೆಕ್ಟ್‌ನಲ್ಲಿ, ಹೊಸಪೇಟೆ ಬಳಿ ತುಂಗಭದ್ರಾ ಅಣೆಕಟ್ಟೆಯಲ್ಲಿ ಮರಿ ತಯಾರಾಗುತ್ತದೆ. ಆದರೂ ಇವೆರಡೂ ರಾಣೆಬೆನ್ನೂರಿಗೆ ನೂರು ಕಿ.ಮೀ.ಗಿಂತ ದೂರವೇ. ಅಲ್ಲಿಂದ ಬ್ಯಾಡಗಿಗೋ ಹಾವೇರಿಗೋ ಮುಟ್ಟಿ, ಹೊಲದ ದಾರಿ ಹಿಡಿದು ಹೊಂಡ ಸೇರುವ ಹೊತ್ತಿಗೆ ಐದಾರು ತಾಸು ಸುಲಭವಾಗಿ ಕಳೆದಿರುತ್ತದೆ.

ಗಡಿಗೆಯ ಜಾಗಕ್ಕೆ ಈಗ ಪಾಲಿಥಿನ್ ಚೀಲ ಬಂದಿದೆ. ಸುಮಾರು 18 ಲೀಟರ್ ಹಿಡಿಯುವ ಚೀಲಕ್ಕೆ ಮೂರನೇ ಒಂದು ಪಾಲು ನೀರು, ಉಳಿದ ಎರಡು ಪಾಲು ಆಮ್ಲಜನಕ.

ಚೀಲದೊಳಗಿನ ಲೆಕ್ಕ

ಚೀಲವೇ ಏಕೆ, ದೊಡ್ಡ ಡ್ರಮ್ಮಿನಲ್ಲಿ ತಂದರಾಗದೇ ಎಂದು ಕೇಳುವವರಿದ್ದಾರೆ. ಅವರಿಗಾಗಿ ಒಂದು ಸಣ್ಣ ಲೆಕ್ಕ.

25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಳ್ಳೆಯ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿ.ಗ್ರಾಂ. ಆಮ್ಲಜನಕ ಕರಗಿರುತ್ತದೆ. ಅದು 2 ಮಿ.ಗ್ರಾಂ.ಗೆ ಇಳಿದರೆ ಮರಿ ಉಳಿಯುವ ಭರವಸೆ ಇಲ್ಲ. ಅಂದರೆ 200 ಲೀಟರಿನ ಡ್ರಮ್ಮಿನಲ್ಲಿ ಮರಿಗಳ ಪಾಲಿಗೆ ಇರುವುದು 1,200 ಮಿ.ಗ್ರಾಂ. ಮಾತ್ರ. ಒಂದು ಕಿಲೋ ತೂಕದ ಮರಿಗಳು ತಾಸಿಗೆ 500 ಮಿ.ಗ್ರಾಂ. ಉಸಿರಾಡುತ್ತವೆ ಎಂದು ಹಿಡಿದರೆ ಎರಡೂವರೆ ತಾಸಿನೊಳಗೆ ಡ್ರಮ್ಮಿನ ಗಂಟು ಖಾಲಿ. ದಾರಿಯ ಕುಲುಕಾಟದಿಂದ ಸ್ವಲ್ಪ ಗಾಳಿ ಬೆರೆಯಬಹುದು. ಅದನ್ನೇ ನಂಬಿ ಹೊರಡಲಾಗದು.

ಚೀಲದಲ್ಲಿ ನೀರು ಆರೇ ಲೀಟರ್. ಆದರೆ ಮೇಲೆ ತುಂಬಿದ 12 ಲೀಟರ್ ಶುದ್ಧ ಆಮ್ಲಜನಕದ ತೂಕ 15,000 ಮಿ.ಗ್ರಾಂ. ಮೀರುತ್ತದೆ. ಅಂಗೈ ಮೇಲೆ ಹೊರಬಹುದಾದ ಒಂದು ಚೀಲದಲ್ಲಿ ಡ್ರಮ್ಮಿನ ಹನ್ನೆರಡು ಪಟ್ಟು ಉಸಿರಿದೆ. 4 ಸೆಂ.ಮೀ. ಉದ್ದದ 300 ಮರಿಗಳ ತೂಕ ಸುಮಾರು ಕಾಲು ಕಿಲೋ. ಅವು 12 ತಾಸಿಗೆ ಬಳಸುವುದು ಈ ಗಂಟಿನ ಹತ್ತನೇ ಒಂದು ಪಾಲು.

ಹಾಗಾದರೆ ಚೀಲದಲ್ಲಿ ಮರಿ ಸಾಯುವುದೇಕೆ? ಇಲ್ಲಿಯೇ ನಮ್ಮವರು ಎಡವುವುದು. ಗಟ್ಟಿಯಾಗಿ ಉಬ್ಬಿದ ಚೀಲ ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ. ಮರಿ ಉಸಿರೆಳೆದಷ್ಟೂ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತದೆ; ಅದು ಹೋಗಲು ದಾರಿಯಿಲ್ಲ. ಅದು ಹೆಚ್ಚಿದಾಗ ನೀರಿನಲ್ಲಿ ಎಷ್ಟೇ ಆಮ್ಲಜನಕವಿದ್ದರೂ ಮೀನಿನ ರಕ್ತ ಅದನ್ನು ಹಿಡಿದುಕೊಳ್ಳಲಾರದು. ಇದರ ಜೊತೆಗೆ ಮಲಮೂತ್ರದಿಂದ ಅಮೋನಿಯಾ ಸೇರುತ್ತದೆ. ಆದ್ದರಿಂದ ಚೀಲದಲ್ಲಿ ಮರಿಯನ್ನು ಕೊಲ್ಲುವುದು ಹೆಚ್ಚಾಗಿ ಅದರ ಸ್ವಂತ ಹೊಲಸು. ಈ ಹೊಲಸನ್ನು ಕಡಿಮೆ ಮಾಡುವುದೇ ಸಾಗಾಣಿಕೆಯ ಅರ್ಧ ವಿದ್ಯೆ. ಆ ಕೆಲಸ ಗಾಡಿ ಹೊರಡುವ ಮುನ್ನವೇ ಆಗಬೇಕು.

ಹೊರಡುವ ಮುಂಚಿನ ದಿನ

ಕಾಫಿ ಸಸಿಯನ್ನು ನರ್ಸರಿಯ ದಟ್ಟ ನೆರಳಿನಿಂದ ತೆಗೆದು ನೇರ ತೋಟದಲ್ಲಿ ನೆಡುವವರಿಲ್ಲ. ಚಪ್ಪರವನ್ನು ಸ್ವಲ್ಪ ಸ್ವಲ್ಪವೇ ತೆಳುಮಾಡಿ, ನೀರು ಕಡಿಮೆ ಮಾಡಿ, ಸಸಿಯನ್ನು ಗಟ್ಟಿ ಮಾಡಿಕೊಂಡು ನೆಡುತ್ತೇವೆ. ಮೀನುಮರಿಗೂ ಇದೇ ಮಾತು ಅನ್ವಯಿಸುತ್ತದೆ. ಕೊಳದಿಂದ ಬಲೆ ಎಳೆದು ಹಿಡಿದ ಮರಿಯನ್ನು ಆಗಲೇ ಚೀಲಕ್ಕೆ ತುಂಬಬಾರದು. ಅದನ್ನು ಹರಿಯುವ ನೀರಿನ ಸಿಮೆಂಟ್ ತೊಟ್ಟಿಯಲ್ಲಿ, ಇಲ್ಲವೇ ನೀರಿನಲ್ಲಿ ಕಟ್ಟಿದ ಸಣ್ಣ ಕಣ್ಣಿನ ಬಲೆಯ ಪೆಟ್ಟಿಗೆಯಲ್ಲಿ ಆಹಾರವಿಲ್ಲದೆ ಇಡಬೇಕು. ಈ ಬಲೆಯ ಪೆಟ್ಟಿಗೆಗೆ ಹಾಪಾ ಎನ್ನುತ್ತಾರೆ. ಚಿಕ್ಕ ಮರಿಗೆ ಒಂದು ದಿನ, ಬೆರಳುದ್ದ ಬೆಳೆದ ಮರಿಗೆ ಎರಡು ದಿನ ಉಪವಾಸ ಆಗಬೇಕು. ಅಷ್ಟರಲ್ಲಿ ಹೊಟ್ಟೆ ಖಾಲಿಯಾಗುತ್ತದೆ, ಬಲೆಯಲ್ಲಿ ಒದ್ದಾಡಿದ ಗಾಬರಿ ಇಳಿಯುತ್ತದೆ, ಇಕ್ಕಟ್ಟಿಗೆ ಒಗ್ಗಿಕೊಳ್ಳುತ್ತದೆ. ಬಲೆಯಲ್ಲಿ ಪೆಟ್ಟು ತಿಂದ ದುರ್ಬಲ ಮರಿ ಅಲ್ಲಿಯೇ ಸಾಯುತ್ತದೆ.

ಈ ಕೊನೆಯ ಮಾತನ್ನು ಸದಸ್ಯರು ಗಮನದಲ್ಲಿಡಬೇಕು. ತೊಟ್ಟಿಯಲ್ಲಿ ಸತ್ತ ಮರಿ ಮಾರುವವರ ಲೆಕ್ಕಕ್ಕೆ. ನಮ್ಮ ಹೊಂಡದಲ್ಲಿ ಸತ್ತದ್ದು ನಮ್ಮ ಲೆಕ್ಕಕ್ಕೆ. ಅವಸರದ ವ್ಯಾಪಾರದಲ್ಲಿ ಉಪವಾಸ ತಪ್ಪುವುದು ಈ ಕಾರಣದಿಂದಲೇ. ಆದ್ದರಿಂದ ಮರಿ ಕೊಳ್ಳುವಾಗ ಬೆಲೆ ಕೇಳುವ ಮೊದಲು, “ಯಾವತ್ತು ಹಿಡಿದದ್ದು? ಎಷ್ಟು ತಾಸು ತೊಟ್ಟಿಯಲ್ಲಿತ್ತು?” ಎಂದು ಕೇಳಿ. ಚೀಲದ ನೀರು ಅರ್ಧ ತಾಸಿನಲ್ಲೇ ಕದಡಿ, ತಳದಲ್ಲಿ ಹಿಕ್ಕೆಯ ಎಳೆಗಳು ಕಂಡರೆ ಉತ್ತರ ಏನೇ ಇರಲಿ, ಮರಿ ಉಂಡು ಹೊರಟಿದೆ ಎಂದೇ ತಿಳಿಯಬೇಕು.

ಚೀಲ ಕಟ್ಟುವಾಗ

ಒಂದರೊಳಗೊಂದು ಹಾಕಿದ ಎರಡು ಚೀಲ ಬೇಕು. ಒಳಚೀಲದ ತಳದ ಎರಡು ಮೂಲೆಗಳನ್ನು ರಬ್ಬರ್ ಬ್ಯಾಂಡಿನಿಂದ ಬಿಗಿಯಬೇಕು. ಇಲ್ಲದಿದ್ದರೆ ಮರಿಗಳು ಆ ಮೂಲೆಯಲ್ಲಿ ಒತ್ತಾಗಿ ಸಿಕ್ಕಿಕೊಂಡು ಸಾಯುತ್ತವೆ. ನೀರು ತಿಳಿಯಾಗಿರಬೇಕು. ಹಸಿರು ಕೆರೆಯ ನೀರು ಬೇಡ. ಕತ್ತಲಲ್ಲಿ ಆ ಪಾಚಿಯೂ ಉಸಿರಾಡಿ ಮರಿಯ ಪಾಲನ್ನು ತಿನ್ನುತ್ತದೆ. ಕ್ಲೋರಿನ್ ಬೆರೆತ ನಲ್ಲಿ ನೀರಂತೂ ಸಲ್ಲದು. ಲೀಟರಿಗೆ 2–3 ಗ್ರಾಂ ಅಡಿಗೆ ಉಪ್ಪು ಸೇರಿಸಿದರೆ ಮರಿಯ ಆಯಾಸ ಕಡಿಮೆಯಾಗುತ್ತದೆ.

ಮೊದಲು ಚೀಲದ ಗಾಳಿಯನ್ನು ಪೂರ್ತಿ ಹಿಂಡಿ ತೆಗೆದು, ಆ ಮೇಲೆ ಆಮ್ಲಜನಕದ ಕೊಳವೆಯನ್ನು ನೀರಿನೊಳಗೆ ಇಳಿಸಿ ತುಂಬಬೇಕು. ಆಮ್ಲಜನಕದ ಸಿಲಿಂಡರ್ ಎಂದರೇನೆಂಬುದು 2021ರ ಕೋವಿಡ್ ದಿನಗಳಲ್ಲಿ ಮನೆಮನೆಗೂ ತಿಳಿಯಿತು. ಅದರ ಹತ್ತಿರ ಬೀಡಿ ಸೇದುವುದಾಗಲಿ, ಅದರ ತಿರುಪಿಗೆ ಎಣ್ಣೆ, ಗ್ರೀಸ್ ಹಚ್ಚುವುದಾಗಲಿ ಕೂಡದು.

ಒಂದು ಚೀಲಕ್ಕೆ ಎಷ್ಟು ಮರಿ? 16–18 ಲೀಟರಿನ ಚೀಲದಲ್ಲಿ 12 ತಾಸಿನ ದಾರಿಗೆ ನಮ್ಮ ದೇಶದ ಮೀನು ಸಾಕಣೆಯಲ್ಲಿ ಬಳಕೆಯಲ್ಲಿರುವ ಸರಾಸರಿ ಲೆಕ್ಕ ಹೀಗಿದೆ: 2 ಸೆಂ.ಮೀ. ಮರಿ 2,000, 4 ಸೆಂ.ಮೀ. ಮರಿ 300, 8 ಸೆಂ.ಮೀ. ಮರಿ 40. ಮರಿಯ ಉದ್ದ ನಾಲ್ಕು ಪಟ್ಟಾದರೆ ಚೀಲಕ್ಕೆ ಹಿಡಿಯುವ ಸಂಖ್ಯೆ ಐವತ್ತನೇ ಒಂದು ಪಾಲಿಗೆ ಇಳಿಯುತ್ತದೆ ಎಂಬುದನ್ನು ನೆನಪಿಡಿ. ಇದರ ಉಪಯೋಗವನ್ನು ಕೊನೆಯಲ್ಲಿ ಹೇಳುತ್ತೇನೆ.

ದಾರಿಯಲ್ಲಿ

ಚೀಲಗಳನ್ನು ನಿಲ್ಲಿಸುವುದಕ್ಕಿಂತ ಮಲಗಿಸುವುದು ಮೇಲು. ನೀರಿಗೂ ಆಮ್ಲಜನಕಕ್ಕೂ ತಾಗುವ ಜಾಗ ಹೆಚ್ಚುತ್ತದೆ. ಗಾಡಿಯ ತಳಕ್ಕೆ ಭತ್ತದ ಹುಲ್ಲು ಹಾಸಿ, ಮೇಲೆ ತೋಯಿಸಿದ ಗೋಣಿಚೀಲ ಹೊದಿಸಬೇಕು. ಮೊಳೆ, ತಂತಿ ಇದ್ದಲ್ಲಿ ರಟ್ಟಿನ ಪೆಟ್ಟಿಗೆಯ ರಕ್ಷಣೆ ಬೇಕು.

ಉಷ್ಣತೆ 10 ಡಿಗ್ರಿ ಏರಿದರೆ ಮರಿಯ ಉಸಿರಾಟ ಸುಮಾರು ಎರಡು ಪಟ್ಟಾಗುತ್ತದೆ. ಹೊಲಸೂ ಎರಡು ಪಟ್ಟು. ನೀರು ಹಿಡಿದುಕೊಳ್ಳುವ ಆಮ್ಲಜನಕವೋ ಕಡಿಮೆಯಾಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ 9 ಮಿ.ಗ್ರಾಂ. ಇದ್ದದ್ದು 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ಆದ್ದರಿಂದ ಪ್ರಯಾಣ ರಾತ್ರಿ ಅಥವಾ ನಸುಕಿನಲ್ಲಿ ಆಗಬೇಕು. ಚಹಾ ಕುಡಿಯಲು ಗಾಡಿ ನಿಲ್ಲಿಸಿದರೂ ನೆರಳಿನಲ್ಲಿ ನಿಲ್ಲಲಿ. ಮಂಜುಗಡ್ಡೆ ಬಳಸುವುದಾದರೆ ಚೀಲಗಳ ನಡುವೆ ಗೋಣಿಯಲ್ಲಿ ಸುತ್ತಿ ಇಡಬಹುದು. ಅತಿಯಾಗಿ ತಣ್ಣಗೆ ಮಾಡಿದರೆ ಹೊಂಡ ಮುಟ್ಟಿದಾಗ ಬೇರೆ ತೊಂದರೆ.

ಹೊಂಡದ ದಂಡೆಯಲ್ಲಿ ಅರ್ಧ ತಾಸು

ಬ್ಯಾಡಗಿ ಕಡೆಯ ಇಬ್ಬರು ಸದಸ್ಯರು ಒಂದೇ ಗಾಡಿಯಲ್ಲಿ, ಒಂದೇ ತೊಟ್ಟಿಯ ಮರಿ ತರಿಸಿದ್ದರು. ಒಬ್ಬರ ಹೊಂಡದಲ್ಲಿ ಮೀನು ಚೆನ್ನಾಗಿ ಬಂದಿತು, ಇನ್ನೊಬ್ಬರದರಲ್ಲಿ ಬೆರಳೆಣಿಕೆಯಷ್ಟು. “ಚೀಲದಾಗ ಆಡಾಕ ಹತ್ತಿದ್ವು ರೀ, ಹೊಂಡದಾಗ ಎಲ್ಲಿ ಹೋದ್ವು?” ಎಂದು ಆ ಎರಡನೆಯವರು ಸಂಘಕ್ಕೆ ಬಂದು ಕೇಳಿದರು. ಇಬ್ಬರನ್ನೂ ಕೂರಿಸಿ ವಿಚಾರಿಸಿದಾಗ ವ್ಯತ್ಯಾಸ ತಿಳಿಯಿತು. ಮೊದಲನೆಯವರು ಚೀಲಗಳನ್ನು ಬಿಚ್ಚದೆ ಹೊಂಡದಲ್ಲಿ ತೇಲಿಬಿಟ್ಟು ಕಾದಿದ್ದರು. ಎರಡನೆಯವರು ಮರಿಗೆ ಗಾಳಿಯಾಡಲಿ ಎಂದು ಚೀಲಗಳ ಬಾಯಿ ಬಿಚ್ಚಿ ದಂಡೆಯ ಮೇಲಿಟ್ಟು, ಕೆಲಸದವರು ಬರುವ ತನಕ ಬಿಟ್ಟಿದ್ದರು.

ಕರುಣೆಯಿಂದ ಮಾಡಿದ ಈ ಕೆಲಸವೇ ಮರಿಗೆ ಮುಳುವಾಗುತ್ತದೆ. ಮುಚ್ಚಿದ ಚೀಲದಲ್ಲಿ ಸೇರಿದ ಇಂಗಾಲದ ಡೈಆಕ್ಸೈಡ್ ನೀರನ್ನು ಹುಳಿಯಾಗಿಸುತ್ತದೆ. ಹುಳಿ ನೀರಿನಲ್ಲಿ ಅಮೋನಿಯಾ ಹೆಚ್ಚು ಅಪಾಯವಿಲ್ಲದ ರೂಪದಲ್ಲಿರುತ್ತದೆ. ಬಾಯಿ ಬಿಚ್ಚಿ ಇಟ್ಟಾಗ ಆ ಅನಿಲ ಹಾರಿಹೋಗಿ ಹುಳಿ ಇಳಿಯುತ್ತದೆ. ಅದೇ ಅಮೋನಿಯಾ ಈಗ ವಿಷವಾಗುತ್ತದೆ. ದಾರಿಯುದ್ದಕ್ಕೂ ಬದುಕಿ ಬಂದ ಮರಿ ಮನೆಯ ಬಾಗಿಲಲ್ಲಿ ಕಿವಿರು ಸುಟ್ಟುಕೊಳ್ಳುತ್ತದೆ.

ಸರಿಯಾದ ಕ್ರಮ ಹೀಗೆ: ಕಟ್ಟಿದ ಚೀಲವನ್ನು ಬಿಚ್ಚದೆ ಹೊಂಡದ ನೀರಿನಲ್ಲಿ 15–20 ನಿಮಿಷ ತೇಲಿಬಿಡಿ. ಬಿಸಿಲಿದ್ದರೆ ಮೇಲೆ ಒದ್ದೆ ಗೋಣಿ ಹಾಕಿ. ಕೈಯಿಟ್ಟು ನೋಡಿದರೆ ಒಳಗಿನ, ಹೊರಗಿನ ನೀರು ಒಂದೇ ಹದದಲ್ಲಿರಬೇಕು. ಎರಡು ಮೂರು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಬಿಚ್ಚಿದ ಮೇಲೆ ತಡ ಮಾಡದೆ ಒಂದೆರಡು ಬೊಗಸೆಯಂತೆ ಹೊಂಡದ ನೀರನ್ನು ಐದಾರು ನಿಮಿಷ ಸೇರಿಸಿ. ಆಮೇಲೆ ಚೀಲವನ್ನು ಓರೆಯಾಗಿ ಮುಳುಗಿಸಿ. ಮರಿ ತಾನಾಗಿ ಈಜಿ ಹೋಗಲಿ. ಎತ್ತರದಿಂದ ಸುರಿಯಬಾರದು.

ಬಿಡುವ ಹೊತ್ತಿನಲ್ಲೂ ಒಂದು ಸೂಕ್ಷ್ಮವಿದೆ. ಬೆಳಗಿನ ಜಾವ ತಂಪೆಂಬುದು ನಿಜ. ಆದರೆ ಪಾಚಿಗಟ್ಟಿದ ಹಸಿರು ಕೆರೆಯಲ್ಲಿ ಆಮ್ಲಜನಕ ಅತಿ ಕಡಿಮೆ ಇರುವುದೂ ಅದೇ ಹೊತ್ತಿನಲ್ಲಿ. ಅಂಥ ಕೆರೆಗೆ ಸೂರ್ಯ ಏರಿ ಒಂದೆರಡು ತಾಸಿನ ಮೇಲೆ, ಇಲ್ಲವೇ ಸಂಜೆ ಬಿಡುವುದು ಲೇಸು. ಹೊಸದಾಗಿ ಬೋರ್‌ವೆಲ್ ನೀರು ತುಂಬಿದ ಹೊಂಡಕ್ಕೆ ಅಂದೇ ಮರಿ ಬಿಡಬಾರದು. ಭೂಮಿಯ ಆಳದ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ. ಅದು ಕೆಲವು ದಿನ ಗಾಳಿ ಬಿಸಿಲಿಗೆ ನಿಲ್ಲಬೇಕು.

ಮೈಲುತುತ್ತದ ಡ್ರಮ್ಮು

ಅಡಿಕೆ ಬೆಳೆಗಾರರಿಗೆ ಒಂದು ವಿಶೇಷ ಎಚ್ಚರಿಕೆ. ಮೀನುಮರಿ ಬರುವ ಕಾಲವೂ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಕಾಲವೂ ಒಂದೇ. ತಾಮ್ರದ ಅಂಶ ಮೀನುಮರಿಗೆ ಬಲು ಸಣ್ಣ ಪ್ರಮಾಣದಲ್ಲೂ ವಿಷ. ಮೈಲುತುತ್ತ ಕರಗಿಸಿದ ಡ್ರಮ್ಮು, ಬಕೆಟ್, ಮಗ್ಗಗಳನ್ನು ಎಷ್ಟೇ ತೊಳೆದರೂ ಮರಿಯ ಕೆಲಸಕ್ಕೆ ಬಳಸಬೇಡಿ. ಮೆಣಸಿನಕಾಯಿಗೆ ಔಷಧ ಹೊಡೆದ ಪಂಪನ್ನು ಹೊಂಡದ ದಂಡೆಯಲ್ಲಿ ತೊಳೆಯುವ ಅಭ್ಯಾಸವೂ ನಿಲ್ಲಬೇಕು. ಮರಿ ತರಲು ಬೇರೆಯೇ ಬಕೆಟ್ ಇಟ್ಟು ಅದಕ್ಕೆ ಬಣ್ಣದ ಗುರುತು ಹಾಕಿದರೆ ಆಳುಗಳಿಗೂ ತಪ್ಪುವುದಿಲ್ಲ.

ಐವತ್ತು ಮರಿಯ ಪರೀಕ್ಷೆ

ತಂದ ಮರಿ ನಿಜಕ್ಕೂ ಬದುಕಿದೆಯೇ ಎಂದು ತಿಳಿಯುವ ಸುಲಭ ಉಪಾಯವೊಂದಿದೆ. ಬಿಡುವ ದಿನ ಬೇರೆ ಬೇರೆ ಚೀಲಗಳಿಂದ ಎಣಿಸಿ ಐವತ್ತು ಮರಿ ತೆಗೆದು, ಹೊಂಡದಲ್ಲೇ ಕಟ್ಟಿದ ಸಣ್ಣ ಹಾಪಾದಲ್ಲಿ ಬಿಡಿ. ಹಾಪಾ ಇಲ್ಲದಿದ್ದರೆ ಸೊಳ್ಳೆಪರದೆಯ ಬಟ್ಟೆಯನ್ನು ನಾಲ್ಕು ಗೂಟಕ್ಕೆ ಪೆಟ್ಟಿಗೆಯಂತೆ ಕಟ್ಟಿದರೂ ಸಾಕು. ಮೂರನೆಯ ದಿನ ಎಣಿಸಿ. ನಲವತ್ತೈದು ಉಳಿದಿದ್ದರೆ ನಿಶ್ಚಿಂತೆಯಿಂದ ಮೇವು ಹಾಕಿ. ಇಪ್ಪತ್ತೇ ಉಳಿದಿದ್ದರೆ ಹೊಂಡದಲ್ಲೂ ಹೆಚ್ಚುಕಡಿಮೆ ಅದೇ ಪಾಲು ಉಳಿದಿದೆ ಎಂದು ತಿಳಿದು, ಕಾಲ ಮೀರುವ ಮೊದಲು ಮತ್ತೆ ಮರಿ ತರಿಸಬಹುದು. ಮಾರಿದವರೊಡನೆ ಮಾತಾಡಲೂ ಕೈಯಲ್ಲಿ ಲೆಕ್ಕವಿರುತ್ತದೆ. ಬೇಸಿಗೆಯಲ್ಲಿ ಬಲೆ ಹಾಕಿ ನೊಂದುಕೊಳ್ಳುವುದಕ್ಕಿಂತ ಇದು ಮೇಲು.

ಸಂಘದಿಂದ ಆಗಬೇಕಾದದ್ದು

21 ಮೀಟರ್ ಉದ್ದ, ಅಷ್ಟೇ ಅಗಲದ ಕೃಷಿಹೊಂಡಕ್ಕೆ ಎಕರೆಗೆ 2,000ದ ಲೆಕ್ಕದಲ್ಲಿ ಬೇಕಾಗುವ ಬೆರಳುದ್ದದ ಮರಿ ಇನ್ನೂರು ಚಿಲ್ಲರೆ ಮಾತ್ರ. ಅಷ್ಟಕ್ಕೆ 8 ಸೆಂ.ಮೀ. ಮರಿಯ ಐದಾರು ಚೀಲ ಸಾಕು. ಐದು ಚೀಲಕ್ಕಾಗಿ ಒಬ್ಬರೇ ಭದ್ರಾಕ್ಕೋ ಹೊಸಪೇಟೆಗೋ ಗಾಡಿ ಮಾಡಿಕೊಂಡು ಹೋದರೆ ಬಾಡಿಗೆಯೇ ಭಾರ. ಅದಕ್ಕೇ ಜನ ಸಂತೆಯ ದಾರಿಯಲ್ಲಿ ಸಿಕ್ಕಿದ, ಎಷ್ಟು ದಿನದ್ದೋ ಗೊತ್ತಿಲ್ಲದ ಮರಿ ಕೊಳ್ಳುವುದು. ಹತ್ತಿಪ್ಪತ್ತು ಸದಸ್ಯರ ಬೇಡಿಕೆ ಒಟ್ಟು ಸೇರಿದರೆ ಮಾತ್ರ ಒಂದು ಗಾಡಿ, ಒಬ್ಬ ತಿಳಿದವನು, ಸರಿಯಾದ ಹೊತ್ತು, ಇವೆಲ್ಲ ಕೂಡಿ ಬರುತ್ತವೆ.

ಇನ್ನೊಂದು ಹೆಜ್ಜೆ ಮುಂದಿಡಬಹುದು. ಚಿಕ್ಕ ಮರಿಯನ್ನು ಸಾಗಿಸುವುದು ಅಗ್ಗ, ದೊಡ್ಡ ಮರಿ ಹೊಂಡದಲ್ಲಿ ಉಳಿಯುವುದು ಖಚಿತ ಎಂಬುದನ್ನು ಮೇಲಿನ ಚೀಲದ ಲೆಕ್ಕದೊಡನೆ ಇಟ್ಟು ನೋಡಿ. 2–3 ಸೆಂ.ಮೀ. ಮರಿಯನ್ನು ಕಡಿಮೆ ಚೀಲಗಳಲ್ಲಿ ತಂದು, ನಮ್ಮಲ್ಲೇ ಒಬ್ಬ ಸದಸ್ಯರ ಹೊಂಡದಲ್ಲಿ ಹಾಪಾ ಕಟ್ಟಿ ಬೆರಳುದ್ದ ಬೆಳೆಸಿ, ಅಲ್ಲಿಂದ ಸುತ್ತಲಿನ ಊರುಗಳಿಗೆ ಹಂಚಿದರೆ ಕೊನೆಯ ಸಾಗಾಣಿಕೆ ಅರ್ಧ ತಾಸಿನದಾಗುತ್ತದೆ. ಅಡಿಕೆ ಸಸಿಗೆ ನಾವು ಊರಲ್ಲೇ ಮಡಿ ಮಾಡಿಕೊಂಡಿಲ್ಲವೇ? ಇದೂ ಹಾಗೆಯೇ. ಹೊಂಡ ಕೊಡಲು ಒಪ್ಪುವವರು, ದಿನಕ್ಕೆರಡು ಬಾರಿ ಮೇವು ಹಾಕಿ ನೋಡಿಕೊಳ್ಳುವವರು ಮುಂದೆ ಬಂದರೆ ಆಡಳಿತ ಮಂಡಳಿಯ ಮುಂದೆ ವಿಷಯವನ್ನು ಇಡಲಾಗುವುದು.

ಸದ್ಯಕ್ಕೆ ಸದಸ್ಯರು ಮಾಡಬೇಕಾದದ್ದು ಇಷ್ಟು. ಮೇ ತಿಂಗಳು ಮುಗಿಯುವುದರೊಳಗೆ ಹೊಂಡದ ಉದ್ದ ಅಗಲ, ನೀರು ಎಷ್ಟು ತಿಂಗಳು ನಿಲ್ಲುತ್ತದೆ, ಯಾವ ಜಾತಿಯ ಎಷ್ಟು ಮರಿ ಬೇಕು ಎಂಬುದನ್ನು ಚೀಟಿಯಲ್ಲಿ ಬರೆದು ಕಚೇರಿಗೆ ಮುಟ್ಟಿಸಿ. ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯನ್ನೂ ವಿಚಾರಿಸಿಕೊಳ್ಳಿ. ಸಂಘದ ಮೂಲಕ ಬರುವ ಪ್ರತಿ ಚೀಲದ ಮೇಲೂ ಮರಿಯ ಜಾತಿ, ಉದ್ದ, ಸಂಖ್ಯೆ, ಉಪವಾಸವಿಟ್ಟ ತಾಸು ಹಾಗೂ ಚೀಲ ಕಟ್ಟಿದ ಹೊತ್ತನ್ನು ಬರೆದ ಚೀಟಿ ಇರಬೇಕೆಂಬುದು ನಮ್ಮ ಷರತ್ತು. ಆ ಚೀಟಿ ಇಲ್ಲದ ಚೀಲವನ್ನು ಯಾರೂ ಇಳಿಸಿಕೊಳ್ಳಬಾರದಾಗಿ ವಿನಂತಿ.